ಬಾವುಟಗುಡ್ಡೆಯ ಲ್ಯಾಟಿನ್

1878ರ ಡಿಸೆಂಬರ್ 31ರಂದು ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಊರಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ಅದಕ್ಕೆ 1907ರವರೆಗೆ ಕಾಯಬೇಕಿತ್ತು. ಬಂದವರಲ್ಲಿ ಇಟಲಿಯವರಿದ್ದರು, ಜರ್ಮನಿಯವರಿದ್ದರು. ಇಲ್ಲಿನ ಸೆಕೆ ಅವರಿಗೆ ಹೊಸದು, ಕುಚ್ಚಲಕ್ಕಿ ಅನ್ನ ಹೊಸದು, ಪೇಟೆಯಲ್ಲಿ ಕಿವಿಗೆ ಬೀಳುತ್ತಿದ್ದ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಹೊಸದು. ಹುಡುಗರಿಗೆ ಪಾಠ ಹೇಳುವ ಕ್ರಮವೊಂದು ಮಾತ್ರ ಅವರಿಗೆ ಉಸಿರಾಡಿದಷ್ಟು ಸಲೀಸು. ಅವರ ಸಭೆ ಅದನ್ನು 1599ರಲ್ಲೇ ನಿಯಮಾವಳಿಯಾಗಿ ಬರೆದಿಟ್ಟಿತ್ತು.

ಒಂದು ವರ್ಷ ಕಳೆದ ಕೂಡಲೇ, 1880ರ ಜನವರಿ 12ರಂದು, ಕೊಡಿಯಾಲ್‌ಬೈಲಿನ ಬಂಗಲೆಯೊಂದರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಮೊದಲ ಪ್ರಾಂಶುಪಾಲರು ಫಾದರ್ ಜೋಸೆಫ್ ವಿಲ್ಲಿ. ವಿದ್ಯಾರ್ಥಿಗಳು 150 ಮಂದಿ. ಗ್ರೀಕರಿಂದ ರೋಮನರಿಗೆ, ರೋಮನರಿಂದ ಯುರೋಪಿನ ಕಥೋಲಿಕ ಶಾಲೆಗಳಿಗೆ ಇಳಿದು ಬಂದಿದ್ದ ವ್ಯಾಕರಣ, ಕಾವ್ಯ, ವಾಕ್ಚಾತುರ್ಯ, ತತ್ತ್ವಶಾಸ್ತ್ರಗಳ ಆ ಶಿಕ್ಷಣಕ್ಕೆ ತುಳುನಾಡಿನ ಮಣ್ಣಿನಲ್ಲಿ ಏನಾಯಿತು ಎನ್ನುವುದೇ ಈ ಕಥೆ. ತಂದವರು ಅಂದುಕೊಂಡಂತೆ ಅದು ಬೆಳೆಯಲಿಲ್ಲ. ಆದರೆ ಒಣಗಿಯೂ ಹೋಗಲಿಲ್ಲ.

ಕರೆದವರು ಯಾರು?

ಪಾದ್ರಿಗಳು ತಾವಾಗಿ ಬಂದವರಲ್ಲ. ಮಂಗಳೂರಿನ ಕಥೋಲಿಕರೇ ಪೋಪರಿಗೆ ಮನವಿ ಬರೆದು ಯೇಸುಸಭೆಯವರನ್ನು ಕಳಿಸಿಕೊಡಿ ಎಂದು ಕೇಳಿದ್ದರು. ಅದುವರೆಗೆ ಅವರ ಧಾರ್ಮಿಕ ಆಡಳಿತ ಕಾರ್ಮೆಲೈಟ್ ಸಂನ್ಯಾಸಿಗಳ ಕೈಯಲ್ಲಿತ್ತು. 1878ರಲ್ಲಿ ಪೋಪ್ 13ನೇ ಲಿಯೋ ಮಂಗಳೂರಿನ ಮಿಷನ್ನನ್ನು ಯೇಸುಸಭೆಗೆ ವಹಿಸಿದರು.

ಮನವಿಯ ಹಿಂದಿನ ಹಂಬಲ ತಿಳಿಯಬೇಕಾದರೆ ಈ ಸಮುದಾಯದ ಹಾದಿ ನೋಡಬೇಕು. ಇವರ ಹಿರಿಯರು ಗೋವೆಯಿಂದ ಕೆನರಾ ಕರಾವಳಿಗೆ ಬಂದು ಗದ್ದೆ ತೋಟ ಮಾಡಿಕೊಂಡವರು. 1784ರಲ್ಲಿ ಟಿಪ್ಪು ಸುಲ್ತಾನ ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಮತ್ತೆ ಮೊದಲಿನಿಂದ ಬದುಕು ಕಟ್ಟಬೇಕಾಯಿತು. ಮುಂದಿನ ಮೂರು ತಲೆಮಾರುಗಳಲ್ಲಿ ಹಲವು ಮನೆಗಳು ಭೂಮಿ, ವ್ಯಾಪಾರ, ಹೆಂಚಿನ ಉದ್ಯಮಗಳಲ್ಲಿ ಚೇತರಿಸಿಕೊಂಡವು. ಇನ್ನು ಬೇಕಿದ್ದದ್ದು ಕಚೇರಿ ಮತ್ತು ಕೋರ್ಟಿನ ಮೆಟ್ಟಿಲು ಹತ್ತಿಸುವ ಡಿಗ್ರಿ. ಮದ್ರಾಸ್ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿದ ಮೇಲೆ ಮುನ್ಸೀಫನಾಗಲಿ, ವಕೀಲನಾಗಲಿ, ಆ ಪರೀಕ್ಷೆಗಳನ್ನು ದಾಟದೆ ಗತಿಯಿರಲಿಲ್ಲ.

ಊರಿನಲ್ಲಿ ಶಾಲೆಗಳು ಇರಲಿಲ್ಲವೆಂದಲ್ಲ. 1834ರಲ್ಲೇ ಬಂದಿದ್ದ ಬಾಸೆಲ್ ಮಿಷನ್ ಶಾಲೆ ನಡೆಸುತ್ತಿತ್ತು, ಮುದ್ರಣಾಲಯ ಇಟ್ಟಿತ್ತು, ಮಗ್ಗ ಹಾಕಿತ್ತು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದಿತ್ತು. ಆದರೆ ಅದು ಪ್ರೊಟೆಸ್ಟೆಂಟರದು. ಮಗ ಅಲ್ಲಿ ಕಲಿತರೆ ನಂಬಿಕೆ ಸಡಿಲಾದೀತು ಎಂಬ ಅಳುಕು ಕಥೋಲಿಕ ಮನೆಗಳಲ್ಲಿತ್ತು. ಸರಕಾರಿ ಶಾಲೆಗೆ ಧರ್ಮವೇ ಇಲ್ಲ ಎಂಬ ದೂರು ಬೇರೆ. ಜೊತೆಗೆ ಮಾನಾಪಮಾನದ ಲೆಕ್ಕವೂ ಇತ್ತು. ಬಾಸೆಲಿನವರು ತಮ್ಮಲ್ಲಿಗೆ ಬಂದ ಹೊಸ ಕ್ರೈಸ್ತರ ಕೈಗೆ ಕಸುಬು ಕೊಡುತ್ತಿದ್ದರು. ಜಮೀನಿದ್ದ ಕಥೋಲಿಕ ಕುಟುಂಬಗಳಿಗೆ ಕಸುಬು ಬೇಕಿರಲಿಲ್ಲ, ಕಾಲೇಜು ಬೇಕಿತ್ತು.

ಬರಲು ಒಪ್ಪಿದವರಿಗೂ ಕಾರಣಗಳಿದ್ದವು. ಬಿಸ್ಮಾರ್ಕ್ ಚರ್ಚಿನೊಡನೆ ಜಗಳಕ್ಕೆ ನಿಂತಾಗ, 1872ರಲ್ಲಿ, ಜರ್ಮನಿ ಯೇಸುಸಭೆಯನ್ನು ದೇಶದಿಂದ ಹೊರಹಾಕಿತು. ಒಂದುಗೂಡಿದ ಹೊಸ ಇಟಲಿಯಲ್ಲೂ ಅವರ ಮಠ, ಶಾಲೆಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಹೀಗೆ ಸ್ವಂತ ದೇಶದಲ್ಲಿ ತರಗತಿಗಳನ್ನು ಕಳೆದುಕೊಂಡ ನುರಿತ ಮೇಷ್ಟ್ರುಗಳ ದೊಡ್ಡ ಗುಂಪೊಂದು ಯುರೋಪಿನ ಹೊರಗೆ ಹಂಚಿಹೋಯಿತು. ಮಂಗಳೂರು ಸೇರಿದ್ದು ಸಭೆಯ ವೆನಿಸ್ ಪ್ರಾಂತದ ಪಾಲಿಗೆ. ಬಿಸ್ಮಾರ್ಕನ ಮುನಿಸಿಗೂ ಕೊಡಿಯಾಲ್‌ಬೈಲಿನ ಬಂಗಲೆಗೂ ಇಂಥದೊಂದು ನಂಟಿದೆ.

ಬರೆದಿಟ್ಟ ಕ್ರಮ

ಯೇಸುಸಭೆಯ ಆ 1599ರ ನಿಯಮಾವಳಿಯ ಹೆಸರು ‘ರಾಶಿಯೋ ಸ್ಟುಡಿಯೋರಮ್’. ಯೇಸುಸಭೆ ಸಿಸಿಲಿಯ ಮೆಸ್ಸೀನಾದಲ್ಲಿ 1548ರಲ್ಲಿ ಶಾಲೆ ತೆರೆದಂದಿನಿಂದ ಐವತ್ತು ವರ್ಷ ಪಾಠ ಹೇಳಿ, ತಿದ್ದಿ, ಜಗಳವಾಡಿ ಒಪ್ಪಿಕೊಂಡ ಕ್ರಮ ಅದು. ಮೊದಲು ವ್ಯಾಕರಣದ ಮೂರು ಮೆಟ್ಟಿಲು, ಆಮೇಲೆ ಕಾವ್ಯ ಮತ್ತು ಇತಿಹಾಸ ಓದುವ ತರಗತಿ, ಅದರ ಮೇಲೆ ವಾಕ್ಚಾತುರ್ಯ. ಅಷ್ಟಾದವನಿಗೆ ತತ್ತ್ವಶಾಸ್ತ್ರ, ಪಾದ್ರಿಯಾಗುವವನಿಗೆ ದೈವಶಾಸ್ತ್ರ. ಗದ್ಯಕ್ಕೆ ಸಿಸೆರೊ, ಪದ್ಯಕ್ಕೆ ವರ್ಜಿಲ್.

ಪಾಠದ ದಿನಚರಿ ಕಟ್ಟುನಿಟ್ಟು. ಗುರು ಮೊದಲು ಭಾಗವೊಂದನ್ನು ಗಟ್ಟಿಯಾಗಿ ಓದುತ್ತಾನೆ, ತಾತ್ಪರ್ಯ ಹೇಳುತ್ತಾನೆ, ಒಂದೊಂದು ಪದವನ್ನೂ ಬಿಡಿಸುತ್ತಾನೆ. ಹುಡುಗರು ಅದನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು, ಅದೇ ಧಾಟಿಯಲ್ಲಿ ಸ್ವಂತ ರಚನೆ ಬರೆಯಬೇಕು. ಶನಿವಾರ ಇಡೀ ವಾರದ್ದು ಮತ್ತೊಮ್ಮೆ. ತರಗತಿಯನ್ನು ರೋಮ್ ಮತ್ತು ಕಾರ್ಥೇಜ್ ಎಂದು ಎರಡು ಪಾಳೆಯ ಮಾಡಿ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುವಂತೆ ಕಾದಾಡಿಸುವ ರೂಢಿಯೂ ಇತ್ತು. ಅಮರಕೋಶವನ್ನು ಉರು ಹೊಡೆದು, ಕಾವ್ಯಕ್ಕೆ ಪದಚ್ಛೇದ, ಅನ್ವಯ, ತಾತ್ಪರ್ಯ ಹೇಳಿಸಿಕೊಳ್ಳುತ್ತಿದ್ದ ನಮ್ಮ ಹಳೆಯ ಪಾಠಕ್ರಮ ಬಲ್ಲವರಿಗೆ ಇದು ದೂರದ ನೆಂಟನಂತೆ ಕಂಡೀತು.

1773ರಲ್ಲಿ ಪೋಪ್ 14ನೇ ಕ್ಲೆಮೆಂಟ್ ಯೇಸುಸಭೆಯನ್ನೇ ರದ್ದುಪಡಿಸಿದರು. 1814ರಲ್ಲಿ ಅದು ಮತ್ತೆ ಜೀವ ಪಡೆಯಿತು. ಅಷ್ಟರಲ್ಲಿ ಲೋಕ ಬದಲಾಗಿತ್ತು. 1832ರಲ್ಲಿ ನಿಯಮಾವಳಿಯನ್ನು ಪರಿಷ್ಕರಿಸಿ ಗಣಿತ, ವಿಜ್ಞಾನಗಳಿಗೂ ಆಯಾ ದೇಶದ ಭಾಷೆಗೂ ಹೆಚ್ಚು ಜಾಗ ಕೊಟ್ಟರು. ಮಂಗಳೂರಿನಲ್ಲಿ ಮುಂದೆ ಆದದ್ದಕ್ಕೆ ಈ ಪರಿಷ್ಕರಣೆ ಬಾಗಿಲು ತೆರೆದಿಟ್ಟಿತ್ತು ಎನ್ನಬಹುದು.

ಮದ್ರಾಸಿನ ಪರೀಕ್ಷೆ

ಆದರೆ ಕಾಲೇಜು ಮುಂದೆ ನೆಲೆನಿಂತ ಬಾವುಟಗುಡ್ಡೆಯಲ್ಲಿ ರೋಮಿನ ನಿಯಮಾವಳಿಗಿಂತ ಮದ್ರಾಸಿನ ಪಠ್ಯಪಟ್ಟಿಯ ಮಾತೇ ಮೇಲಾಯಿತು. ಕಾಲೇಜು 1882ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿ ಎಫ್.ಎ. (ಫಸ್ಟ್ ಆರ್ಟ್ಸ್) ತರಗತಿ ತೆರೆಯಿತು, 1887ರಲ್ಲಿ ಬಿ.ಎ. ಬಂತು. ಲಾರೆನ್ಸ್ ಲೋಬೊ ಪ್ರಭು ಆ ಗುಡ್ಡದ ಮೇಲೆ ಕೊಟ್ಟ ಜಾಗದಲ್ಲಿ 1885ರ ಹೊತ್ತಿಗೆ ದೊಡ್ಡ ಕಟ್ಟಡ ಎದ್ದು ನಿಂತಿತು. ಪರೀಕ್ಷೆಯ ಭಾಷೆ ಇಂಗ್ಲಿಷ್. ಜೊತೆಗೊಂದು ಎರಡನೆಯ ಭಾಷೆ ಬೇಕು. ಆ ಪಟ್ಟಿಯಲ್ಲಿ ಲ್ಯಾಟಿನ್ನೂ ಇತ್ತು, ಸಂಸ್ಕೃತವೂ ಇತ್ತು, ಕನ್ನಡವೂ ಇತ್ತು. ಯುರೋಪಿನ ಶಾಲೆಯಲ್ಲಿ ಮನೆಯ ಯಜಮಾನನಾಗಿದ್ದ ಲ್ಯಾಟಿನ್ ಇಲ್ಲಿ ಹಲವು ಆಯ್ಕೆಗಳಲ್ಲಿ ಒಂದಾಯಿತು. ಸಿಸೆರೊನ ಜಾಗಕ್ಕೆ ಷೇಕ್ಸ್‌ಪಿಯರ್ ಬಂದು ಕೂತ.

ಲ್ಯಾಟಿನ್ ತನ್ನ ಪೂರ್ಣ ಅಧಿಕಾರದಲ್ಲಿ ಉಳಿದದ್ದು ಸೆಮಿನರಿಯಲ್ಲಿ. 1879ರಲ್ಲಿ ಶುರುವಾಗಿ ಆಮೇಲೆ ಜೆಪ್ಪುವಿಗೆ ಹೋದ ಸಂತ ಜೋಸೆಫರ ಸೆಮಿನರಿಯಲ್ಲಿ ಪಾದ್ರಿಯಾಗಲಿದ್ದ ಹುಡುಗರು ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಲ್ಯಾಟಿನ್ನಿನಲ್ಲೇ ಕಲಿತರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಸೆಮಿನರಿಯಲ್ಲಿ ಲ್ಯಾಟಿನ್: ಐದು ಭಾಷೆಗಳ ನಡುವೆ ಓಡಾಡುವುದು ಅವರಿಗೆ ದೊಡ್ಡ ವಿಷಯವಾಗಿರಲಿಲ್ಲ.

ಪುಸ್ತಕದ ಲ್ಯಾಟಿನ್ ಓದದವರಿಗೂ ಅದರ ಹಿಂದಿನ ಲೋಕವನ್ನು ಕಣ್ಣಿಗೆ ಕಟ್ಟಿಸುವ ಉಪಾಯವೊಂದನ್ನು ಕಾಲೇಜು ಮಾಡಿಕೊಂಡಿತು. ಇಟಲಿಯ ಬೆರ್ಗಾಮೊ ಸಮೀಪದವನಾದ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಬಂದು ಎರಡು ವರ್ಷಕ್ಕೂ ಮಿಕ್ಕಿ ದುಡಿದು ಕಾಲೇಜಿನ ಚಾಪೆಲಿನ ಗೋಡೆ ಮತ್ತು ಛಾವಣಿಯನ್ನು ಚಿತ್ರಗಳಿಂದ ತುಂಬಿಸಿದ. ಗೋಡೆಯ ಹಸಿಗಾರೆಯ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೊ ಕಸುಬು ಒಂದೆಡೆ, ಕ್ಯಾನ್ವಾಸಿನ ಮೇಲಿನ ತೈಲಚಿತ್ರ ಇನ್ನೊಂದೆಡೆ. ಚಿತ್ರಗಳ ನಾಯಕ ಕಾಲೇಜಿಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗ. ಕಾಸ್ಟಿಲ್ಯೋನೆಯ ಪ್ರಭುವಿನ ಹಿರಿಯ ಮಗ, ವಾರಸುದಾರಿಕೆ ಬಿಟ್ಟು ಯೇಸುಸಭೆ ಸೇರಿದವ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ ಅದೇ ರೋಗ ತಗುಲಿ 1591ರಲ್ಲಿ, 23ನೇ ವಯಸ್ಸಿನಲ್ಲಿ ತೀರಿಕೊಂಡವ. ಆಸ್ತಿಗಾಗಿ, ಹುದ್ದೆಗಾಗಿ ಓದಲು ಬಂದ ಹುಡುಗರ ತಲೆಯ ಮೇಲೆ ಆಸ್ತಿ ಬಿಟ್ಟವನ ಕಥೆ. ಇದರಲ್ಲಿರುವ ವಿಡಂಬನೆ ಪಾದ್ರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಓದು ಸಂಪಾದನೆಯ ದಾರಿ ಎಂದು ನಂಬಿ ಬರುವವನಿಗೆ ಅದಕ್ಕಿಂತ ಹಿರಿದೊಂದು ಇದೆ ಎಂದು ತೋರಿಸುವುದೇ ಆ ಶಿಕ್ಷಣದ ಹೇಳಿಕೆಯಾಗಿತ್ತು.

ಆ ಹೇಳಿಕೆಯನ್ನು ಬದುಕಿ ತೋರಿಸಿದವರೂ ಇದ್ದರು. ಮೊದಲ ತಂಡದಲ್ಲಿ ಬಂದ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಹೋಮಿಯೋಪಥಿ ಔಷಧಿ ಹಂಚತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಶುರುವಾದ ಆ ಬಡವರ ದವಾಖಾನೆಯೇ 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯಾಗಿ, ಮುಂದೆ ಫಾದರ್ ಮುಲ್ಲರ್ ಆಸ್ಪತ್ರೆಯಾಗಿ ಬೆಳೆಯಿತು.

ಫಸಲು ಬಂದದ್ದು ಬೇರೆ ಗದ್ದೆಯಲ್ಲಿ

ಇಲ್ಲಿಂದ ಕಥೆ ತಿರುಗುತ್ತದೆ. ಮಂಗಳೂರಿನಿಂದ ಹೆಸರಾಂತ ಲ್ಯಾಟಿನ್ ಕವಿಯೊಬ್ಬ ಹೊರಡಲಿಲ್ಲ. ಆದರೆ ಲ್ಯಾಟಿನ್ನಿನಲ್ಲಿ ಪಳಗಿದ ಕೈ ಇಲ್ಲಿನ ಭಾಷೆಗಳ ಮೇಲೆ ಕೆಲಸ ಮಾಡತೊಡಗಿತು.

ಮೊದಲಿಗ ಪಾದ್ರಿ ಆಂಜೆಲೊ ಮಾಫೇಯಿ. ಬಂದು ನಾಲ್ಕು ವರ್ಷ ತುಂಬುವಷ್ಟರಲ್ಲಿ, 1882ರಲ್ಲಿ, ಕೊಂಕಣಿ ವ್ಯಾಕರಣವೊಂದನ್ನು ಹೊರತಂದರು. ಮರುವರ್ಷವೇ ಕೊಂಕಣಿ ನಿಘಂಟು. ಚಿಕ್ಕಂದಿನಿಂದ ನಾಮಪದದ ವಿಭಕ್ತಿ, ಕ್ರಿಯಾಪದದ ಕಾಲಗಳನ್ನು ಪಟ್ಟಿ ಹಾಕಿ ಕಲಿತವರಿಗಷ್ಟೇ ಹೊಸ ಭಾಷೆಯೊಂದರ ಎಲುಬಿನ ಗೂಡು ಇಷ್ಟು ಬೇಗ ಕಾಣಲು ಸಾಧ್ಯ. ಇನ್ನೂ ಸ್ವಾರಸ್ಯದ ಸಂಗತಿ, ಆ ವ್ಯಾಕರಣ ಅಚ್ಚಾದದ್ದು ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಗುಡ್ಡದ ಮೇಲೆ ಸ್ಪರ್ಧೆ, ಅಚ್ಚುಕೂಟದಲ್ಲಿ ಒಡನಾಟ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದೂ ಅದೇ ಮುದ್ರಣಾಲಯದಿಂದ.

ಹಿಂದೆಯೂ ಹೀಗಾಗಿತ್ತು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಗೆ ವ್ಯಾಕರಣ ಬರೆದ, ಮರಾಠಿ ಓವಿಗಳಲ್ಲಿ ‘ಕ್ರಿಸ್ತಪುರಾಣ’ ರಚಿಸಿದ. 1616ರಲ್ಲಿ ಮೊದಲು ಅಚ್ಚಾದ ಆ ಪುರಾಣವನ್ನು ಕರಾವಳಿಯ ಕಥೋಲಿಕರು ತಲೆಮಾರುಗಟ್ಟಲೆ ಹಾಡಿಕೊಂಡು ಬಂದಿದ್ದರು. 1907ರಲ್ಲಿ ಅದನ್ನು ಪ್ರಸ್ತಾವನೆಯೊಂದಿಗೆ ಸಂಪಾದಿಸಿ ಮಂಗಳೂರಿನಿಂದ ಪ್ರಕಟಿಸಿದವರು ಜೋಸೆಫ್ ಎಲ್. ಸಲ್ದಾನ್ಹಾ. ಹಳೆಯ ಗ್ರಂಥವೊಂದನ್ನು ಹೀಗೆ ಶಾಸ್ತ್ರೀಯವಾಗಿ ಓದುಗರ ಕೈಗಿಡುವುದು ಪದವೀಧರರ ಹೊಸ ತಲೆಮಾರಿಗೆ ದಕ್ಕಿದ ಶಕ್ತಿ. 1912ರಲ್ಲಿ ಲುವಿಸ್ ಮಸ್ಕರೇನ್ಹಸ್ ಕನ್ನಡ ಲಿಪಿಯಲ್ಲಿ ‘ಕೊಂಕ್ಣಿ ದಿರ್ವೆಂ’ ಪತ್ರಿಕೆ ತಂದರು. 1938ರಲ್ಲಿ ‘ರಾಕ್ಣೊ’ ವಾರಪತ್ರಿಕೆ ಶುರುವಾಯಿತು. ಮನೆಮಾತು ಅಚ್ಚಿನ ಭಾಷೆಯಾಯಿತು.

ಕನ್ನಡಕ್ಕೆ ಸಿಕ್ಕ ಪಾಲು ಇನ್ನೂ ದೊಡ್ಡದು, ಅಷ್ಟೇ ಅನಿರೀಕ್ಷಿತ. ಎರಡನೆಯ ಭಾಷೆಗಾಗಿ ಕಾಲೇಜು ಕನ್ನಡ ಪಂಡಿತರನ್ನು ಇಟ್ಟುಕೊಳ್ಳಬೇಕಿತ್ತು. ಅಲೋಶಿಯಸ್ಸಿನಲ್ಲಿ ಆ ಕುರ್ಚಿಯಲ್ಲಿ ಕೂತವರು ಮುಳಿಯ ತಿಮ್ಮಪ್ಪಯ್ಯ. ಪಂಪನ ಮೇಲೆ ‘ನಾಡೋಜ ಪಂಪ’, ಕವಿರಾಜಮಾರ್ಗದ ಮೇಲೆ ‘ಕವಿರಾಜಮಾರ್ಗ ವಿವೇಕ’, ಯಕ್ಷಗಾನದ ಕವಿ ಪಾರ್ತಿಸುಬ್ಬನ ಮೇಲೆ ಇನ್ನೊಂದು ಗ್ರಂಥ, ಎಲ್ಲ ಅವರದೇ. ಛಂದಸ್ಸು, ಶಬ್ದಾರ್ಥಗಳಲ್ಲಿ ಕನ್ನಡದ ಸೂಕ್ಷ್ಮ ವಿದ್ವಾಂಸರಲ್ಲೊಬ್ಬರಾದ ಸೇಡಿಯಾಪು ಕೃಷ್ಣ ಭಟ್ಟರೂ ಅಲೋಶಿಯಸ್ಸಿನಲ್ಲೇ ಪಾಠ ಹೇಳಿದರು. ಅದೇ ಊರಿನ ಸಂತ ಆಗ್ನೆಸ್ ಕಾಲೇಜಿನಲ್ಲಿ ಕವಿ ಕಡೆಂಗೋಡ್ಲು ಶಂಕರಭಟ್ಟರು.

ಜನಿವಾರ ಹಾಕಿದ ಪಂಡಿತರು, ನಿಲುವಂಗಿ ತೊಟ್ಟ ಪಾದ್ರಿಗಳು ಒಂದೇ ಜಗಲಿಯಲ್ಲಿ ನಡೆದಾಡಿದ ಕಾಲ ಅದು. ಪಂಪನನ್ನು ಮುಳಿಯರಿಗೆ ಪಾದ್ರಿಗಳು ಕಲಿಸಲಿಲ್ಲ, ಅದನ್ನು ಹೇಳಬೇಕಾಗಿಯೇ ಇಲ್ಲ. ಅವರ ವಿದ್ಯೆಯ ಬೇರು ಇಲ್ಲಿನದೇ. ಆದರೆ ಹಳೆಯ ಪಠ್ಯವನ್ನು ಸಾಲು ಸಾಲಾಗಿ ಬಿಡಿಸಿ ಓದುವುದು ಹೊತ್ತು ಕಳೆಯುವ ಕೆಲಸವಲ್ಲ, ಮನುಷ್ಯನನ್ನು ರೂಪಿಸುವ ಕೆಲಸ ಎಂದು ನಂಬಿದ ಸಂಸ್ಥೆಯೊಂದು ಅಂಥ ವಿದ್ಯೆಗೆ ಸಂಬಳ ಕೊಟ್ಟು ತರಗತಿ ಒದಗಿಸಿತು. ವರ್ಜಿಲನಿಗೆಂದು ಹಾಕಿದ ಪೀಠದಲ್ಲಿ ಪಂಪ ಬಂದು ಕೂತ. ಪೀಠ ಇಕ್ಕಟ್ಟಾಗಲಿಲ್ಲ.

ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ

ಇಷ್ಟು ಹೊಗಳಿ ನಿಲ್ಲಿಸಿದರೆ ಅರ್ಧ ಇತಿಹಾಸ ಹೇಳಿದಂತೆ. ಕಾವ್ಯ, ತರ್ಕ, ವಾಕ್ಚಾತುರ್ಯದ ಈ ಓದು ಗುಡ್ಡ ಹತ್ತಿ ಬರಬಲ್ಲವರಿಗೆ ಮಾತ್ರ ಇತ್ತು. ಅದೇ ಯೇಸುಸಭೆ ಜೆಪ್ಪುವಿನಲ್ಲಿ ಅನಾಥ ಮತ್ತು ಬಡ ಹುಡುಗರಿಗಾಗಿ ನಡೆಸಿದ ಸಂತ ಜೋಸೆಫರ ವರ್ಕ್‌ಶಾಪಿನಲ್ಲಿ ಮರಗೆಲಸ, ಲೋಹದ ಕೆಲಸ, ಇಗರ್ಜಿಗಳಿಗೆ ಬೇಕಾದ ಪ್ರತಿಮೆಗಳ ಕೆಲಸ ಕಲಿಸಲಾಗುತ್ತಿತ್ತು. ಬಾಸೆಲಿನವರಿಂದ ಬೇರೆಯಾಗಿ ನಿಲ್ಲಬೇಕೆಂದು ಬಯಸಿದ ಸಮುದಾಯ ತನ್ನೊಳಗಿನ ಬಡವರಿಗೆ ಬಾಸೆಲಿನ ದಾರಿಯನ್ನೇ ತೋರಿಸಿತು. ಒಬ್ಬನಿಗೆ ಷೇಕ್ಸ್‌ಪಿಯರ್, ಇನ್ನೊಬ್ಬನಿಗೆ ಉಳಿ. ಮನುಷ್ಯನನ್ನು ರೂಪಿಸುವ ಓದು ಎಂದ ಮೇಲೆ ಆ ಮನುಷ್ಯ ಯಾರ ಮಗ ಎಂಬ ಪ್ರಶ್ನೆ ಏಳಬಾರದಿತ್ತು. ಅದು ಎದ್ದಿತು, ಉತ್ತರವೂ ಸಿದ್ಧವಾಗಿತ್ತು.

ಹೆಣ್ಣುಮಕ್ಕಳ ಸರದಿ ಇನ್ನೂ ತಡ. ಅವರ ಶಾಲೆ ಹುಡುಗರ ಕಾಲೇಜಿಗಿಂತ ಮೊದಲೇ ಬಂದಿತ್ತು: 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸೋದರಿಯರು ಬಂದು ಸಂತ ಆನ್ನರ ಕಾನ್ವೆಂಟು ನೆಲೆಗೊಳಿಸಿದ್ದರು. ಆ ಸಭೆಯನ್ನು ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಕಟ್ಟಿದ ಮದರ್ ವೆರೋನಿಕಾ ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದವರು, ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳು. ಆ ತಂದೆ ಬೈಬಲನ್ನು ಹೊಸ ಗ್ರೀಕಿಗೆ ಇಳಿಸುವ ಕೆಲಸದಲ್ಲಿ ತೊಡಗಿದ್ದವರು. ಆದರೂ ಮಂಗಳೂರಿನ ಹೆಣ್ಣುಮಕ್ಕಳಿಗೆ ಸ್ವಂತ ಕಾಲೇಜು ಸಿಕ್ಕಿದ್ದು 1921ರಲ್ಲಿ, ಸಂತ ಆಗ್ನೆಸ್ ತೆರೆದಾಗ. ಹುಡುಗರಿಗೂ ಅವರಿಗೂ ನಡುವೆ ನಲವತ್ತು ವರ್ಷಗಳ ಅಂತರ.

ಕಡಲಾಚೆಯ ಸೆಳೆತ

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಇಗರ್ಜಿಯ ಪೂಜೆ ಕೊಂಕಣಿಗೆ, ಕನ್ನಡಕ್ಕೆ ತಿರುಗಿತು. ಲ್ಯಾಟಿನ್ ಕಲಿಯಲು ಇದ್ದ ಕೊನೆಯ ದೊಡ್ಡ ಕಾರಣವೂ ಹೋಯಿತು. ಅದೇ ಹೊತ್ತಿಗೆ ಓದಿನ ಲೆಕ್ಕಾಚಾರವನ್ನೇ ಬುಡಮೇಲು ಮಾಡುವ ಬದಲಾವಣೆ ಸಮುದ್ರದಾಚೆ ಆಗುತ್ತಿತ್ತು.

ಮಂಗಳೂರಿಗೂ ಮಸ್ಕತ್‌ಗೂ ಹಳೆಯ ಸಂಬಂಧ. 1507ರಿಂದ 1650ರವರೆಗೆ ಮಸ್ಕತ್ತನ್ನು ಹಿಡಿದಿದ್ದ ಪೋರ್ಚುಗೀಸರಿಗೆ ಕೆನರಾದ ಅಕ್ಕಿ ಬೇಕಿತ್ತು. ಅವರು ಹೋದ ಮೇಲೂ ಅಕ್ಕಿಯ ಹಡಗು ನಿಲ್ಲಲಿಲ್ಲ. ಟಿಪ್ಪು ಅಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದಾಗ ಇಡೀ ಒಮಾನಿನಲ್ಲಿ ಆಧುನಿಕ ಶಾಲೆಗಳು ಮೂರೇ ಇದ್ದವು. ರಸ್ತೆ, ಆಸ್ಪತ್ರೆ, ಬ್ಯಾಂಕು, ಶಾಲೆ ಎಲ್ಲವನ್ನೂ ಒಮ್ಮೆಗೇ ಕಟ್ಟಬೇಕಿದ್ದ ದೇಶಕ್ಕೆ ಲೆಕ್ಕ ಬರೆಯುವವರು, ದಾದಿಯರು, ಮೆಕ್ಯಾನಿಕ್ಕುಗಳು, ಎಂಜಿನಿಯರುಗಳು ಬೇಕಾದರು. ಕರಾವಳಿಯಿಂದ ಈ ಬಾರಿ ಅಕ್ಕಿಯ ಬದಲು ಜನ ಹೋದರು. ಮಸ್ಕತ್ತಿನ ರೂವಿ, ಅದರ ಪಕ್ಕ ಬೋಳು ಬೆಟ್ಟಗಳ ನಡುವೆ ಅಮರಾತಿನ ಕಡೆಗೆ ಹೊರಳುವ ವಾದಿ ಅದಾಯ್‌ನಂಥ ಬಡಾವಣೆಗಳು ಕರಾವಳಿಯ ಮನೆಗಳ ಮಾತಿನಲ್ಲಿ ಪಕ್ಕದೂರಿನ ಹೆಸರುಗಳಾದವು. ರೂವಿಯಲ್ಲಿ ಸುಲ್ತಾನರು ಕೊಟ್ಟ ಜಾಗದಲ್ಲಿ ಸಂತ ಪೀಟರ್ ಮತ್ತು ಪೌಲರ ಇಗರ್ಜಿ ಎದ್ದಿತು. 1975ರಲ್ಲಿ ಮಸ್ಕತ್ತಿನ ಇಂಡಿಯನ್ ಸ್ಕೂಲ್ ಶುರುವಾಯಿತು.

ಹೊರಗೆ ಹೋಗಬೇಕೆಂದವನಿಗೆ ಬಿ.ಕಾಂ., ನರ್ಸಿಂಗ್, ಐ.ಟಿ.ಐ. ಬೇಕು, ಪಂಪನೂ ಬೇಡ, ವರ್ಜಿಲನೂ ಬೇಡ. ಸಂಸಾರ ಸಾಕಬೇಕಾದವನನ್ನು ಇದಕ್ಕಾಗಿ ದೂರುವುದು ಅನ್ಯಾಯ. 1880ರಲ್ಲಿ ಮುನ್ಸೀಫನ ಕುರ್ಚಿ ನೋಡಿ ಬಂದ ಹುಡುಗನಿಗೂ ಇವನಿಗೂ ಆಸೆಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಶಾಲೆಯಲ್ಲಿತ್ತು. ಅಂದಿನ ಕಾಲೇಜು ಹುಡುಗ ಕೇಳಿದ್ದನ್ನು ಕೊಡುತ್ತಲೇ ಕೇಳದ್ದನ್ನೂ ಅವನ ತಲೆಗೆ ತುಂಬುತ್ತಿತ್ತು. ಈಗಿನ ವಿದ್ಯಾಸಂಸ್ಥೆಗಳಿಗೆ, ಕಥೋಲಿಕರದಿರಲಿ ಬೇರೆಯವರದಿರಲಿ, ಕೇಳಿದ್ದನ್ನು ಕೊಡುವುದರಲ್ಲೇ ಹೊತ್ತು ಮುಗಿಯುತ್ತದೆ. ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿದೆ. ಅದು ಏನನ್ನು ಕಲಿಸಬೇಕೆಂದು ತೀರ್ಮಾನಿಸಲು ಮದ್ರಾಸಿನ ಅಪ್ಪಣೆ ಈಗ ಬೇಕಿಲ್ಲ.

ಅಮೆರಿಕದ ಕೆಲವು ಕಥೋಲಿಕ ಶಾಲೆಗಳು ಇತ್ತೀಚಿನ ದಶಕಗಳಲ್ಲಿ ಲ್ಯಾಟಿನ್ ಮತ್ತು ಹಳೆಯ ಗ್ರಂಥಗಳಿಗೆ ಮರಳಿವೆ. ನಮ್ಮಲ್ಲೂ ಆ ಬಗೆಯ ಮಾತು ಕೇಳಿಬಂದಾಗ ಮಂಗಳೂರಿನ ಅನುಭವವನ್ನು ಮುಂದಿಡಬಹುದು. ರೋಮಿನ ಕ್ರಮ ಇಲ್ಲಿ ಬಾಳಿದ್ದು ರೋಮಿನ ಪುಸ್ತಕಗಳನ್ನು ಹಿಡಿದುಕೊಂಡದ್ದರಿಂದಲ್ಲ. ನೆಲದ ಭಾಷೆಗಳಿಗೆ ಅದೇ ಶ್ರದ್ಧೆಯನ್ನು ವರ್ಗಾಯಿಸಿದ್ದರಿಂದ. ವಾದಿ ಅದಾಯ್‌ನ ಫ್ಲಾಟಿನಲ್ಲಿ ಬೆಳೆಯುವ ಕನ್ನಡದ ಮಗುವಿಗೂ ಮಂಗಳೂರಿನ ಮಗುವಿಗೂ ಹತ್ತು ಸಾಲು ಹಳೆಯ ಕಾವ್ಯವನ್ನು ಬಿಡಿಸಿ, ಅರ್ಥ ಹೇಳಿಸಿ, ಅದರ ಬಗ್ಗೆ ವಾದ ಮಾಡಿಸುವ ಮೇಷ್ಟ್ರು ಸಿಕ್ಕಿದರೆ ಆ ಶಿಕ್ಷಣದ ಮುಖ್ಯವಾದದ್ದೆಲ್ಲ ಸಿಕ್ಕಂತೆಯೇ. ಅದನ್ನು ಗುಡ್ಡ ಹತ್ತಬಲ್ಲವರಿಗಷ್ಟೇ ಕೊಟ್ಟ ತಪ್ಪನ್ನು ಮಾತ್ರ ಮತ್ತೆ ಮಾಡಬಾರದು.